ಕಡಲೂ ಬೇಕು, ಕಾಡುಪ್ರಾಣಿಯೂ ಬೇಕು, ಪ್ರಾಣಿಗೆ ಹಿಂಸೆ ಬೇಡ: ಎಲ್ಲಿಗೆ ಹೋಗೋಣ?

ಕೇಳಿದವರು, ಚಿಕ್ಕಬಳ್ಳಾಪುರದಿಂದ:
ಜನವರಿ ಕೊನೆಯಲ್ಲಿ ಒಂದು ವಾರ ರಜೆ ಹೊಂದಿಸಿಕೊಂಡಿದ್ದೇವೆ. ನಾನು, ನಮ್ಮ ಯಜಮಾನರು, ಏಳನೇ ಕ್ಲಾಸಿನ ಮಗಳು, ಜೊತೆಗೆ ಅತ್ತೆ. ನಮ್ಮ ಕಡೆ ಬೆಟ್ಟ ಉಂಟು, ಕೆರೆ ಉಂಟು, ಸಮುದ್ರ ಇಲ್ಲ. ಒಂದೆರಡು ದಿನ ಸುಮ್ನೆ ಮರಳಿನ ಮೇಲೆ ಕೂತಿರಬೇಕು ಅಂತ ನನಗೆ ಆಸೆ. ಮಗಳಿಗೆ ಆನೆ, ಕಡಲಾಮೆ, ತಿಮಿಂಗಿಲ ನೋಡಬೇಕು. ಆದರೆ ಸರಪಳಿ ಹಾಕಿದ ಆನೆ ಬೇಡ, ತೊಟ್ಟಿಯಲ್ಲಿ ಕೂಡಿಟ್ಟ ಆಮೆ ಬೇಡ ಅಂತ ಹಟ. ಟ್ರಾವೆಲ್ಸ್‌ನವರು ಕೊಟ್ಟ ಶ್ರೀಲಂಕಾ ಪ್ಯಾಕೇಜಿನಲ್ಲಿ ‘ಆನೆ ಸ್ನಾನ’ ಅಂತ ಇದೆ. ಅದು ಸರಿಯಾ? ಅತ್ತೆ ಶುದ್ಧ ಸಸ್ಯಾಹಾರಿ, ಮಂಡಿ ನೋವು ಬೇರೆ. ಹೋಗಿ ಬಂದವರು ದಯವಿಟ್ಟು ಹೇಳಿ.

ತುಮಕೂರಿನಿಂದ:
ಮೇಡಂ, ಶ್ರೀಲಂಕಾ ಒಳ್ಳೆಯ ಆಯ್ಕೆ, ಆ ಪ್ಯಾಕೇಜ್ ಮಾತ್ರ ಬೇಡ. ನಿಮಗೆ ಏರ್‌ಪೋರ್ಟ್ ಪಕ್ಕದಲ್ಲೇ ಇದೆ. ದೇವನಹಳ್ಳಿಯಿಂದ ಕೊಲಂಬೊಗೆ ನೇರ ವಿಮಾನ, ಸುಮಾರು ಒಂದೂವರೆ ಗಂಟೆ. ನಾವು ತುಮಕೂರಿನಿಂದ ಏರ್‌ಪೋರ್ಟ್ ಮುಟ್ಟುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು!

ಮೊದಲು ತಿಂಗಳು ನೋಡಿ, ಆಮೇಲೆ ಊರು. ಆ ದ್ವೀಪಕ್ಕೆ ಎರಡು ಮಳೆಗಾಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಕ್ಷಿಣ ಮತ್ತು ನೈಋತ್ಯ ಕರಾವಳಿ ಚೆನ್ನಾಗಿರುತ್ತದೆ. ಟ್ರಿಂಕೊಮಲಿ, ಅರುಗಮ್ ಬೇ ಇರುವ ಪೂರ್ವದ ಕಡೆಗೆ ಮೇ ಬಂದ ಮೇಲೆ ಹೋಗಬೇಕು. ನಿಮ್ಮದು ಜನವರಿ, ಹಾಗಾಗಿ ದಕ್ಷಿಣ. ತಂಗಾಲೆ ಅಥವಾ ಮಿರಿಸ್ಸದಲ್ಲಿ ಒಂದೇ ಕಡೆ ರೂಮು ಮಾಡಿ. ದಿನಕ್ಕೊಂದು ಊರು ತಿರುಗಿಸುವ ಪ್ಯಾಕೇಜಿನಲ್ಲಿ ಅತ್ತೆಯವರ ಮಂಡಿಯ ಗತಿ ಏನು? ವಿಮಾನ ಇಳಿಯುವ ಕಟುನಾಯಕೆ ಕೊಲಂಬೊದ ಉತ್ತರಕ್ಕಿದೆ. ಅಲ್ಲಿಂದ ಎಕ್ಸ್‌ಪ್ರೆಸ್‌ವೇ ಹಿಡಿದರೂ ತಂಗಾಲೆಗೆ ಮೂರು ಗಂಟೆ ಅಂತ ಇಟ್ಟುಕೊಳ್ಳಿ.

ಆನೆಗೆ ಉಡವಳವೆ. ತಾಯಿ ಕಳೆದುಕೊಂಡ ಮರಿಗಳಿಗೆ ಅಲ್ಲೊಂದು ಸರ್ಕಾರಿ ತಂಗುದಾಣ ಇದೆ. ವನ್ಯಜೀವಿ ಇಲಾಖೆ 1995ರಲ್ಲಿ ಶುರು ಮಾಡಿದ್ದು. ಹೊತ್ತು ಹೊತ್ತಿಗೆ ಮರಿಗಳನ್ನು ಬಿಟ್ಟು ಹಾಲು ಕುಡಿಸುತ್ತಾರೆ. ನಾವು ದೂರದ ಕಟ್ಟೆಯ ಮೇಲೆ ಕೂತು ನೋಡಬೇಕು, ಅಷ್ಟೇ. ಮುಟ್ಟುವ ಹಾಗಿಲ್ಲ, ಬಾಟಲಿ ಹಿಡಿಯುವ ಹಾಗಿಲ್ಲ. ದೊಡ್ಡವಾದ ಮೇಲೆ ಅವನ್ನು ಕಾಡಿಗೇ ಬಿಡುತ್ತಾರೆ. ಹಾಗೆ ಕಾಡು ಸೇರಿದ ಆನೆಗಳು ನೂರಕ್ಕೂ ಹೆಚ್ಚು. ಮನುಷ್ಯರ ಕೈಗೆ ಒಗ್ಗಿಬಿಟ್ಟರೆ ಅವು ಮತ್ತೆ ಕಾಡಾನೆ ಆಗುವುದು ಹೇಗೆ? ಅದಕ್ಕೇ ಆ ಅಂತರ. ನಮ್ಮ ಹುಡುಗ ಮೊದಲು ‘ಇಷ್ಟು ದೂರದಿಂದಾನಾ’ ಅಂತ ಮುಖ ಊದಿಸಿದ. ಮರಿಗಳು ಹಾಲಿಗೆ ಓಡಿ ಬರುವ ರಭಸ ನೋಡಿದ ಮೇಲೆ ಎದ್ದು ಬರಲು ಒಪ್ಪಲಿಲ್ಲ.

ಪಕ್ಕದಲ್ಲೇ ಉಡವಳವೆ ರಾಷ್ಟ್ರೀಯ ಉದ್ಯಾನ ಇದೆ. ಜಲಾಶಯದ ಸುತ್ತಲಿನ ಬಯಲು ಕಾಡು, ಆನೆ ವರ್ಷಪೂರ್ತಿ ಕಾಣುತ್ತವೆ. ಅಲ್ಲಿನ ಇನ್ನೊಂದು ರಾಷ್ಟ್ರೀಯ ಉದ್ಯಾನ ಯಾಲಕ್ಕೆ ಎಲ್ಲರೂ ಚಿರತೆ ನೋಡಲು ಓಡುತ್ತಾರೆ. ಒಂದು ಚಿರತೆ ಕಂಡರೆ ಜೀಪುಗಳು ಸಾಲುಗಟ್ಟಿ ಮುತ್ತಿಕೊಳ್ಳುತ್ತವೆ. ನನಗಂತೂ ಅದು ಹಿಡಿಸಲಿಲ್ಲ.

ಬಂಗಾರಪೇಟೆಯಿಂದ:
ಅಕ್ಕ, ‘ಆನೆ ಸ್ನಾನ’ಕ್ಕೆ ನೇರ ಉತ್ತರ ಹೇಳ್ತೀನಿ: ಬೇಡ. ನಮ್ಮ ಕಾಮಸಮುದ್ರದ ಕಡೆ ಆನೆ ಅಂದರೆ ರಾತ್ರಿ ತಮಿಳುನಾಡಿನ ಗಡಿ ದಾಟಿ ಹೊಲಕ್ಕೆ ನುಗ್ಗುವ ಆನೆ. ಅದರ ಹತ್ತಿರ ಹೋಗುವುದಿರಲಿ, ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಅಂಥ ಪ್ರಾಣಿ ದಿನಾ ಗುರುತಿಲ್ಲದ ಜನರ ಕೈಲಿ ಬೆನ್ನು ಉಜ್ಜಿಸಿಕೊಂಡು ಸುಮ್ಮನೆ ಮಲಗಿರುತ್ತದೆ ಅಂದರೆ, ಅದನ್ನು ಆ ಸ್ಥಿತಿಗೆ ತರಲು ಏನೇನು ಮಾಡಿರಬೇಕು ಯೋಚಿಸಿ. ಅಂಕುಶ, ಸರಪಳಿ, ಮರಿಯಿದ್ದಾಗಲೇ ತಾಯಿಂದ ಬೇರೆ ಮಾಡುವುದು. ಬೋರ್ಡಿನ ಮೇಲೆ ‘ಅನಾಥಾಲಯ’ ಅಂತಲೋ ‘ಅಭಯಧಾಮ’ ಅಂತಲೋ ಬರೆದಿದೆ ಅಂತ ನಂಬಬೇಡಿ. ಸವಾರಿ ಇದೆಯಾ, ಸ್ನಾನ ಇದೆಯಾ, ಜೊತೆಗೆ ನಿಂತು ಫೋಟೋ ಇದೆಯಾ, ಅಷ್ಟು ಕೇಳಿ. ಮೂರರಲ್ಲಿ ಒಂದಿದ್ದರೂ ನಾನಾದರೆ ಹೋಗಲ್ಲ.

ಶಿರಾದಿಂದ:
ಮೇಲಿನವರ ಮಾತಿಗೆ ನನ್ನದೊಂದು ಸೇರಿಸಿ. ಇಷ್ಟಕ್ಕೆಲ್ಲ ವಿಮಾನ ಹತ್ತಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರೇ ಕಾಯುತ್ತಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಇದೆ. ಹೊರಡುವ ಮುಂಚೆ ಒಂದು ಭಾನುವಾರ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಬೈನಾಕ್ಯುಲರ್ ಹಿಡಿದು ಕದಲದೆ ನಿಲ್ಲುವುದು ಅಭ್ಯಾಸ ಆಗಲಿ. ಸಮುದ್ರ ಮಾತ್ರ ನಮ್ಮಲ್ಲಿ ಇಲ್ಲ, ಅದಕ್ಕೇನೂ ಮಾಡೋಕಾಗಲ್ಲ.

ಚಿಂತಾಮಣಿಯಿಂದ:
ಆಮೆ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಲೋಕದಲ್ಲಿರುವ ಏಳು ಜಾತಿ ಕಡಲಾಮೆಗಳಲ್ಲಿ ಐದು ಶ್ರೀಲಂಕಾದ ದಡಕ್ಕೆ ಮೊಟ್ಟೆ ಇಡಲು ಬರುತ್ತವೆ. ಅಲ್ಲಿನ ಕರಾವಳಿ ರಸ್ತೆಯುದ್ದಕ್ಕೂ ‘ಹ್ಯಾಚರಿ’ (ಆಮೆ ಮೊಟ್ಟೆ ಕಾಪಾಡಿ ಮರಿ ಮಾಡಿಸುವ ಜಾಗ) ಅನ್ನುವ ಬೋರ್ಡು ಸಾಕಷ್ಟು ಕಾಣುತ್ತವೆ. ಎಲ್ಲವೂ ಕೆಟ್ಟವಲ್ಲ. ಆದರೆ ಮರಿಗಳನ್ನು ದಿನಗಟ್ಟಲೆ ತೊಟ್ಟಿಯಲ್ಲಿಟ್ಟು, ಬಂದವರ ಅಂಗೈ ಮೇಲೆ ಇಟ್ಟು ಕಾಸು ಮಾಡುವವರೂ ಇದ್ದಾರೆ. ಮೊಟ್ಟೆಯಿಂದ ಹೊರಬಂದ ಮರಿಯ ಹೊಟ್ಟೆಯಲ್ಲಿ ಹಳದಿ ಭಾಗದ ಒಂದಿಷ್ಟು ಬುತ್ತಿ ಉಳಿದಿರುತ್ತದೆ. ದಡದ ಅಪಾಯ ದಾಟಿ ಆಳ ಸಮುದ್ರ ಸೇರುವವರೆಗೆ ಎಡೆಬಿಡದೆ ಈಜಲು ಬೇಕಾದ ಶಕ್ತಿ ಅದು. ತೊಟ್ಟಿಯಲ್ಲಿ ಸುತ್ತಿ ಸುತ್ತಿ ಅದನ್ನು ಅಲ್ಲೇ ಖರ್ಚು ಮಾಡಿಕೊಂಡರೆ ಸಮುದ್ರಕ್ಕೆ ಬಿಟ್ಟಾಗ ಏನು ಉಳಿದಿರುತ್ತದೆ? ಹಾಗಾಗಿ ‘ಮರಿಗಳನ್ನು ಯಾವಾಗ ಬಿಡುತ್ತೀರಿ’ ಅಂತ ಕೇಳಿ. ಹುಟ್ಟಿದ ರಾತ್ರಿಯೇ ಅಂದರೆ ಸರಿ. ‘ನೀವು ಬಂದಾಗ ಬಿಡುತ್ತೇವೆ’ ಅಂದರೆ ಹಿಂದಕ್ಕೆ ತಿರುಗಿ.

ತಂಗಾಲೆಯಲ್ಲಿ ಉಳಿದರೆ ರೆಕಾವ ಅನ್ನುವ ಕಡಲತೀರ ಹತ್ತಿರ. ಅಲ್ಲಿ ರಾತ್ರಿ ಹಸಿರು ಕಡಲಾಮೆ ದಡಕ್ಕೆ ಬರುವುದನ್ನು ನೋಡಬಹುದು. ಅದು ಮೇಲೆ ಹತ್ತಿ ಗುಂಡಿ ತೋಡಿ ಮೊಟ್ಟೆ ಇಡಲು ಶುರು ಮಾಡುವವರೆಗೆ ದೂರದಲ್ಲೇ ಕಾಯಬೇಕು. ಮುಂಚೆ ಹೋದರೆ ಬೆದರಿ ಮೊಟ್ಟೆ ಇಡದೆ ವಾಪಸ್ ಹೋಗುತ್ತದೆ. ಆಮೇಲೂ ಹಿಂದಿನಿಂದ ಹೋಗಿ ನೋಡಬೇಕು. ಟಾರ್ಚು, ಫ್ಲ್ಯಾಶು, ಮೊಬೈಲ್ ಬೆಳಕು ಏನೂ ಕೂಡದು. ಜನವರಿಯಲ್ಲಿ ಬೇಸಿಗೆಯಷ್ಟು ಬರಲ್ಲ. ಕಾದು ಕಾದು ಏನೂ ಕಾಣದೆ ಹೋಗಬಹುದು ಅಂತ ಮಗಳಿಗೆ ಮುಂಚೆಯೇ ಹೇಳಿಡಿ. ನಾವು ಹೋದ ರಾತ್ರಿ ಬರಲೇ ಇಲ್ಲ. ನಮ್ಮ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಅತ್ತೆಯವರ ಊಟ: ಇಡಿಯಪ್ಪ ಸಿಗುತ್ತದೆ, ನಮ್ಮ ಒತ್ತು ಶಾವಿಗೆ ತರಹವೇ. ಜೊತೆಗೆ ಬೇಳೆ ಸಾರಿನಂಥ ಪರಿಪ್ಪು. ಕೊಬ್ಬರಿ ಸಂಬೋಲ ನೋಡಿದರೆ ನಮ್ಮ ಕಾಯಿ ಚಟ್ನಿ ಅನ್ನಿಸುತ್ತದೆ, ಆದರೆ ಅದಕ್ಕೆ ಒಣಮೀನಿನ ಚೂರು ಹಾಕುವ ರೂಢಿ ಇದೆ. ಕೇಳದೆ ಬಡಿಸಿಕೊಳ್ಳಬೇಡಿ. ಚಟ್ನಿಪುಡಿ, ಹುರಿಗಾಳು ಹೇಗೂ ಕಟ್ಟಿಕೊಂಡೇ ಹೋಗುತ್ತೀರಿ ಅಲ್ವಾ.

ಮುಳಬಾಗಿಲಿನಿಂದ:
ತಿಮಿಂಗಿಲಕ್ಕೆ ಮಿರಿಸ್ಸ. ನವೆಂಬರ್‌ನಿಂದ ಏಪ್ರಿಲ್ ಸೀಸನ್. ಅಲ್ಲಿ ದಡದಿಂದ ಸ್ವಲ್ಪ ದೂರಕ್ಕೇ ಸಮುದ್ರ ಥಟ್ಟನೆ ಆಳವಾಗುತ್ತದೆ, ಅದಕ್ಕೇ ನೀಲಿ ತಿಮಿಂಗಿಲ ಅಷ್ಟು ಹತ್ತಿರ ಬರುತ್ತವೆ. ದೊಡ್ಡ ಹಡಗುಗಳ ದಾರಿಯೂ ಅಲ್ಲೇ ಹಾದು ಹೋಗುತ್ತದೆ. ಹಡಗು ಬಡಿದು ಸಾಯುವ ತಿಮಿಂಗಿಲಗಳಿವೆ. ಅದರ ಮೇಲೆ ಪ್ರವಾಸಿ ದೋಣಿಗಳೂ ಅಟ್ಟಿಸಿಕೊಂಡು ಹೋದರೆ ಅವು ಉಸಿರು ತೆಗೆದುಕೊಳ್ಳುವುದು ಯಾವಾಗ? ನಾವು ಹತ್ತಿದ ದೋಣಿಯವನು ಹಾಗೇ ಮಾಡಿದ. ಎಲ್ಲರೂ ಚಪ್ಪಾಳೆ ಹೊಡೆದರು, ನನಗೆ ಸಿಟ್ಟು ಬಂತು. ಬುಕ್ ಮಾಡುವಾಗಲೇ ಕೇಳಿ: ನೂರು ಮೀಟರ್ ದೂರ ಇಟ್ಟುಕೊಳ್ಳುತ್ತೀರಾ, ಎದುರಿಗೆ ಅಡ್ಡ ಹಾಕುತ್ತೀರಾ, ಇಳಿದು ಈಜಲು ಬಿಡುತ್ತೀರಾ? ಕಡೆಯದಕ್ಕೆ ಹೂಂ ಅಂದರೆ ಬೇರೆ ದೋಣಿ ನೋಡಿ.

ಬೆಳಗಿನ ಜಾವವೇ ಹೊರಡುತ್ತಾರೆ. ಬಯಲುಸೀಮೆಯ ಹೊಟ್ಟೆ ನಮ್ಮದು, ಅಲೆಗೆ ಒಗ್ಗಲ್ಲ. ವಾಂತಿ ಮಾತ್ರೆಯನ್ನು ಹತ್ತುವ ಮುಂಚೆ ನುಂಗಬೇಕು, ಶುರುವಾದ ಮೇಲಲ್ಲ. ಅತ್ತೆಯವರನ್ನು ದೋಣಿಗೆ ಹತ್ತಿಸಬೇಡಿ ಅಂತ ನನ್ನ ಅಭಿಪ್ರಾಯ.

ತಿಪಟೂರಿನಿಂದ:
ಪಾಸ್‌ಪೋರ್ಟ್, ವೀಸಾ ಗೋಜು ಬೇಡ ಅಂದರೆ ಕಾರವಾರ. ನಾವು ತಿಪಟೂರಿನಿಂದ ಕಾರಿನಲ್ಲೇ ಹೋದೆವು. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ, ಘಟ್ಟ ಇಳಿಯುವಾಗ ಮಕ್ಕಳಿಗೆ ಹುಷಾರು. ನೀವು ಬೆಂಗಳೂರಿನಿಂದ ರಾತ್ರಿ ರೈಲು ಹಿಡಿಯಬಹುದು. ಕಾರವಾರದ ಸಮುದ್ರದಲ್ಲಿ ಡಾಲ್ಫಿನ್ ಇವೆ. ದೇವಬಾಗದಲ್ಲಿ ಜಂಗಲ್ ಲಾಡ್ಜಸ್‌ನ ತಂಗುದಾಣ ಇದೆ. ಎರಡು ದಿನ ಅಲ್ಲಿ ಕೂತು, ಆಮೇಲೆ ಘಟ್ಟ ಹತ್ತಿ ಗಣೇಶಗುಡಿಗೆ ಹೋಗಿ. ಮಂಗಟ್ಟೆ ಹಕ್ಕಿ ಮರದಿಂದ ಮರಕ್ಕೆ ಹಾರಿದರೆ ರೆಕ್ಕೆಯ ಸದ್ದು ಕೆಳಗೆ ನಿಂತವರಿಗೆ ಕೇಳುತ್ತದೆ. ತಿಮಿಂಗಿಲದ ಆಸೆ ಬಿಡಬೇಕು, ಅಷ್ಟೇ.

ಉತ್ತರ ಕನ್ನಡ, ಉಡುಪಿ ದಡಗಳಲ್ಲೂ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡುತ್ತವೆ. ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಇಲಾಖೆ ಬಲೆ ಕಟ್ಟಿ ಕಾಯುತ್ತದೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಹೊನ್ನಾವರದ ಕಡೆ ಹೋದರೆ ಇಲಾಖೆಯವರನ್ನೇ ವಿಚಾರಿಸಿ. ಅವರು ಬಿಡುವ ದಿನ ಸಿಕ್ಕರೆ ನಿಮ್ಮ ಅದೃಷ್ಟ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಪ್ಯಾಕೇಜ್ ಬೇಡ ಅಂತ ಟ್ರಾವೆಲ್ಸ್‌ಗೆ ಹೇಳಿಬಿಟ್ಟೆ. ತಂಗಾಲೆಯಲ್ಲಿ ರೂಮು, ಒಂದು ದಿನ ಉಡವಳವೆ, ಒಂದು ಬೆಳಗ್ಗೆ ನಾವು ಮೂವರು ತಿಮಿಂಗಿಲಕ್ಕೆ. ಅತ್ತೆ ಜೀಪು ಹತ್ತಬಹುದಾ?

ತುಮಕೂರಿನಿಂದ:
ಆ ಜೀಪುಗಳ ಮೆಟ್ಟಿಲು ಎತ್ತರ ಮೇಡಂ, ಒಳಗೆ ಕುಲುಕಾಟ ಬೇರೆ. ಅತ್ತೆಯವರಿಗೆ ಆನೆಮರಿಗಳ ಜಾಗವೇ ಸಾಕು, ನಡಿಗೆ ಕಡಿಮೆ, ಕೂರಲು ಜಾಗ ಇದೆ. ನೀವು ಬೆಳಗ್ಗೆ ಬೇಗ ಸಫಾರಿ ಮುಗಿಸಿ ಬನ್ನಿ, ಅವರು ರೂಮಿನಲ್ಲಿ ತಿಂಡಿ ತಿಂದು ಆರಾಮಾಗಿರಲಿ. ಆಮೇಲೆ ಹಾಲಿನ ಹೊತ್ತಿಗೆ ಎಲ್ಲರೂ ಒಟ್ಟಿಗೆ ಹೋಗಿ. ಹಾಗೆ ಮಾಡುವುದಾದರೆ ಆ ಹಿಂದಿನ ರಾತ್ರಿ ಉಡವಳವೆಯಲ್ಲೇ ಉಳಿಯಬೇಕು. ಜೀಪಿನವನಿಗೆ ಹತ್ತುವ ಮುಂಚೆಯೇ ಹೇಳಿ: ಆನೆ ಕಂಡರೆ ಎಂಜಿನ್ ಆಫ್ ಮಾಡು, ದಾರಿಗೆ ಅಡ್ಡ ನಿಲ್ಲಿಸಬೇಡ. ಹಾಗೆ ಕೇಳಿಕೊಂಡರೆ ಕೇಳುತ್ತಾರೆ. ಇಟಿಎ (ಶ್ರೀಲಂಕಾಕ್ಕೆ ಹೋಗಲು ಆನ್‌ಲೈನಿನಲ್ಲಿ ಪಡೆಯುವ ಅನುಮತಿ) ಅರ್ಜಿಯನ್ನು ಸರ್ಕಾರದ ವೆಬ್‌ಸೈಟಿನಲ್ಲೇ ಹಾಕಿ, ಅದೇ ತರಹ ಕಾಣುವ ಬೇರೆ ಸೈಟುಗಳು ಸುಮ್ನೆ ದುಡ್ಡು ಕೀಳುತ್ತವೆ.