ಮಗಳ ಬಾಣಂತನಕ್ಕೆ ಮೆಲ್ಬರ್ನ್ ಪ್ರಯಾಣ: ಕೋವ್ಯಾಕ್ಸಿನ್ ಪಡೆದವರಿಗೆ ಪ್ರವೇಶವಿದೆಯೇ?

ಪ್ರಶ್ನೆ (ಮಂಡ್ಯ, 8 ನವೆಂಬರ್ 2021)

ನಾವು ಮಂಡ್ಯದಲ್ಲಿ ನೆಲೆಸಿರುವ ನಿವೃತ್ತ ದಂಪತಿ. ಆಸ್ಟ್ರೇಲಿಯಾದ ಪಿ.ಆರ್. (ಕಾಯಂ ವಾಸದ ಅನುಮತಿ) ಪಡೆದು ಮೆಲ್ಬರ್ನ್‌ನಲ್ಲಿರುವ ನಮ್ಮ ಮಗಳಿಗೆ ಜನವರಿಯಲ್ಲಿ ಚೊಚ್ಚಲ ಹೆರಿಗೆ. ಆ ದೇಶವು 2020ರ ಮಾರ್ಚ್‌ನಲ್ಲೇ ಹೊರಗಿನವರಿಗೆ ಗಡಿ ಮುಚ್ಚಿದ್ದರಿಂದ ಬಾಣಂತನಕ್ಕೆ ಹೋಗುವ ಆಸೆಯನ್ನೇ ಕೈಬಿಟ್ಟಿದ್ದೆವು. ಈ ತಿಂಗಳ ಒಂದರಿಂದ ತಂದೆ ತಾಯಂದಿರಿಗೆ ಅವಕಾಶ ಕೊಟ್ಟಿದ್ದಾರೆಂದು ಪತ್ರಿಕೆಯಲ್ಲಿ ಓದಿದೆವು. ನಾನು ಕೋವಿಶೀಲ್ಡ್ ಪಡೆದಿದ್ದೇನೆ, ನನ್ನ ಶ್ರೀಮತಿಯವರು ಕೋವ್ಯಾಕ್ಸಿನ್ ಪಡೆದಿದ್ದಾರೆ. ಇಬ್ಬರಿಗೂ ವಿಸಿಟರ್ ವೀಸಾ ಇದೆ. ವೀಸಾ ಮತ್ತು ಲಸಿಕೆ ಇದ್ದರೆ ಸಾಕು, ಟಿಕೆಟ್ ಮಾಡಿಸಿಬಿಡಿ ಎಂದು ಟ್ರಾವೆಲ್ ಏಜೆಂಟರೊಬ್ಬರು ಒತ್ತಾಯಿಸುತ್ತಿದ್ದಾರೆ. ಬೇರೆ ಅನುಮತಿಯೇನಾದರೂ ಬೇಕೇ? ಹೋಟೆಲ್ ಕ್ವಾರಂಟೈನ್ ಈಗಲೂ ಇದೆಯೇ?

ಉತ್ತರ (ಕುವೆಂಪುನಗರ, ಮೈಸೂರು, 8 ನವೆಂಬರ್)

ದಯವಿಟ್ಟು ಟಿಕೆಟ್ ಈಗಲೇ ಮಾಡಿಸಬೇಡಿ. ನವೆಂಬರ್ 1ರಿಂದ ಅಲ್ಲಿನ ಪ್ರಜೆಗಳ ಹಾಗೂ ಪಿ.ಆರ್. ಪಡೆದವರ ತಂದೆ ತಾಯಿಯರನ್ನು ಹತ್ತಿರದ ಕುಟುಂಬದವರೆಂದು ಪರಿಗಣಿಸುತ್ತಿದ್ದಾರೆ, ನಿಜ. ಆದರೆ ವೀಸಾ ಕೈಯಲ್ಲಿದ್ದರೂ ಆ ಸಂಬಂಧವನ್ನು ದಾಖಲೆಗಳಿಂದ ತೋರಿಸಿ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಪ್ರಯಾಣ ವಿನಾಯಿತಿಯನ್ನು ಪ್ರತ್ಯೇಕವಾಗಿ ಪಡೆದುಕೊಳ್ಳಬೇಕು. ಅದಿಲ್ಲದೆ ದೇವನಹಳ್ಳಿಯವರೆಗೆ ಹೋದರೆ ವಿಮಾನ ಹತ್ತಿಸುವುದಿಲ್ಲ. ಏಜೆಂಟರಿಗೆ ಟಿಕೆಟ್ ಮಾರಾಟವಾದರೆ ಸಾಕು, ಹಿಂದಿರುಗಿ ಬರುವ ಕಷ್ಟ ನಿಮ್ಮದು.

ಲಸಿಕೆಯ ಬಗ್ಗೆ ಚಿಂತೆ ಬೇಡ. ಕೋವಿಶೀಲ್ಡನ್ನು ಅಕ್ಟೋಬರ್‌ನಲ್ಲೂ ಕೋವ್ಯಾಕ್ಸಿನ್ನನ್ನು ನವೆಂಬರ್ 1ರಂದೂ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಮಾನ್ಯ ಮಾಡಿದೆ. ಕೊನೆಯ ಡೋಸ್ ಆಗಿ ಏಳು ದಿನ ಕಳೆದಿದ್ದರೆ ಆಯಿತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳಲ್ಲಿ ಪೂರ್ಣ ಲಸಿಕೆ ಪಡೆದವರಿಗೆ ಹೋಟೆಲ್ ಕ್ವಾರಂಟೈನ್ ಇಲ್ಲ. ನಿಮ್ಮ ಮಗಳು ಪರ್ತ್‌ನಲ್ಲಿದ್ದಿದ್ದರೆ ಮಾತೇ ಬೇರೆಯಾಗುತ್ತಿತ್ತು, ಏಕೆಂದರೆ ಆಸ್ಟ್ರೇಲಿಯಾದಲ್ಲಿ ಪ್ರತಿ ರಾಜ್ಯವೂ ತನ್ನದೇ ನಿಯಮವನ್ನು ಇಟ್ಟುಕೊಂಡಿದೆ.

ನಿಜವಾದ ತೊಡಕು ಹೆಸರಿನಲ್ಲಿದೆ. ನಮ್ಮ ಕಡೆ ಆಧಾರ್‌ನಲ್ಲಿ ಊರಿನ ಮತ್ತು ತಂದೆಯ ಹೆಸರು ಇನಿಷಿಯಲ್‌ಗಳಾಗಿಯೇ ಉಳಿದಿರುತ್ತವೆ, ಪಾಸ್‌ಪೋರ್ಟ್‌ನಲ್ಲಿ ಅವನ್ನು ಬಿಡಿಸಿ ಬರೆಸಿರುತ್ತೇವೆ. ಆಧಾರ್ ತೋರಿಸಿ ಲಸಿಕೆ ಹಾಕಿಸಿಕೊಂಡವರ ಪ್ರಮಾಣಪತ್ರ ಪಾಸ್‌ಪೋರ್ಟ್‌ಗೆ ಹೊಂದುವುದಿಲ್ಲ. ಸರ್ಕಾರದ ಲಸಿಕೆ ಜಾಲತಾಣವಾದ ಕೋವಿನ್‌ನಲ್ಲಿ ತಿದ್ದುಪಡಿಗೆ ಒಂದೇ ಅವಕಾಶವಿರುವುದರಿಂದ, ಪಾಸ್‌ಪೋರ್ಟನ್ನು ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತಿದ್ದಿ, ಅನಂತರ ಪಾಸ್‌ಪೋರ್ಟ್ ಸಂಖ್ಯೆಯನ್ನು ಜೋಡಿಸಿ, ಪೂರ್ಣ ಜನ್ಮದಿನಾಂಕವಿರುವ ಅಂತರರಾಷ್ಟ್ರೀಯ ಪ್ರಮಾಣಪತ್ರವನ್ನು ಇಳಿಸಿಕೊಳ್ಳಿ.

ಆರ್‌ಟಿ-ಪಿಸಿಆರ್ ಕೋವಿಡ್ ಪರೀಕ್ಷೆ ವಿಮಾನ ಹೊರಡುವ ಸಮಯಕ್ಕೆ 72 ಗಂಟೆಯೊಳಗಿನದಾಗಿರಬೇಕು. ಸ್ವಾಬ್ ಕೊಡುವಾಗಲೇ ಪಾಸ್‌ಪೋರ್ಟ್ ತೋರಿಸಿ ಎಸ್‌ಆರ್‌ಎಫ್ ಐಡಿ (ಪರೀಕ್ಷಾ ಮಾದರಿಯ ನೋಂದಣಿ ಸಂಖ್ಯೆ) ಮಾಡಿಸಿಕೊಳ್ಳಿ. ವರದಿ ಬಂದ ಮೇಲೆ ಹೆಸರು ತಿದ್ದಿಸುತ್ತ ಕುಳಿತರೆ ಆ ಗಂಟೆಗಳು ಅಲ್ಲೇ ಮುಗಿಯುತ್ತವೆ.

ಉತ್ತರ (ಮದ್ದೂರು, 9 ನವೆಂಬರ್)

ಸಂಬಂಧದ ದಾಖಲೆ ಎಂದೊಡನೆ ಎಲ್ಲರೂ ಜನನ ಪ್ರಮಾಣಪತ್ರ ಹುಡುಕುತ್ತಾರೆ. ಹಳೆಯ ಪ್ರಮಾಣಪತ್ರಗಳಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರುವುದಿಲ್ಲ, ಹೆಣ್ಣು ಎಂದಷ್ಟೇ ಇರುತ್ತದೆ. ಹೆಸರು ಸೇರಿಸಲು ಅರ್ಜಿ ಕೊಟ್ಟು ಕಚೇರಿಗೆ ಅಲೆಯುವಷ್ಟು ಸಮಯ ನಿಮಗಿಲ್ಲ. ಮಗಳ ಭಾರತೀಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರುಗಳಿರುತ್ತವೆ. ಅದರ ಪ್ರತಿಯನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಸೇರಿಸಿ ಕಳುಹಿಸಿ. ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು.

ಉಪಪ್ರಶ್ನೆ (ಶ್ರೀರಂಗಪಟ್ಟಣ, 9 ನವೆಂಬರ್)

ನಮ್ಮ ಮಗ ಸಿಡ್ನಿಯಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಓದುತ್ತಿದ್ದಾನೆ. ನಮಗೂ ಇದು ಅನ್ವಯಿಸುತ್ತದೆಯೇ?

ಉತ್ತರ (ಕುವೆಂಪುನಗರ, ಮೈಸೂರು, 9 ನವೆಂಬರ್)

ಇಲ್ಲ. ತಾತ್ಕಾಲಿಕ ವೀಸಾದಲ್ಲಿರುವವರ ತಂದೆ ತಾಯಿಗೆ ಈ ವಿನಾಯಿತಿ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು (ಮಂಡ್ಯ, 29 ನವೆಂಬರ್)

ಇಬ್ಬರಿಗೂ ವಿನಾಯಿತಿ ದೊರೆತಿದೆ. ಮದ್ದೂರಿನವರು ಹೇಳಿದ ದಾಖಲೆಗಳನ್ನೇ ಕಳುಹಿಸಿದ್ದೆವು. ಸಿಂಗಪುರದ ಮೂಲಕ ಟಿಕೆಟ್ ಮಾಡಿಸಿದ್ದೇವೆ. ಈಗ ಓಮಿಕ್ರಾನ್ ಸುದ್ದಿ ಕೇಳಿ ಶ್ರೀಮತಿಯವರು ಗಾಬರಿಯಾಗಿದ್ದಾರೆ.

ಉತ್ತರ (ಕುವೆಂಪುನಗರ, ಮೈಸೂರು, 30 ನವೆಂಬರ್)

ವಿದ್ಯಾರ್ಥಿಗಳಿಗೂ ಕೌಶಲ ವೀಸಾದವರಿಗೂ ಡಿಸೆಂಬರ್ 1ರಂದು ತೆರೆಯಬೇಕಿದ್ದ ಗಡಿಯನ್ನು 15ಕ್ಕೆ ಮುಂದೂಡಿದ್ದಾರೆ. ನಿಮ್ಮದು ಆ ಗುಂಪಲ್ಲ. ಆದರೆ ವಿಕ್ಟೋರಿಯಾದಲ್ಲಿ ಹೊರದೇಶದಿಂದ ಬಂದವರೆಲ್ಲ ಈಗ 72 ಗಂಟೆ ಪ್ರತ್ಯೇಕವಾಗಿರಬೇಕು. ಅದನ್ನು ತುಂಬು ಗರ್ಭಿಣಿಯ ಮನೆಯಲ್ಲೇ ಕಳೆಯುವುದಕ್ಕಿಂತ ಬೇರೆ ವಸತಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ನಿಯಮಗಳು ದಿನದಿನಕ್ಕೆ ಬದಲಾಗುತ್ತಿರುವುದರಿಂದ ಸಾಧ್ಯವಾದರೆ ಗೊತ್ತಾದ ದಿನಕ್ಕಿಂತ ಒಂದು ವಾರ ಮೊದಲೇ ಪ್ರಯಾಣ ಮಾಡಿ, ಮತ್ತು ಆಸ್ಟ್ರೇಲಿಯಾ ಟ್ರಾವೆಲ್ ಡಿಕ್ಲರೇಷನ್ (ಪ್ರಯಾಣಿಕರ ಘೋಷಣಾ ಪತ್ರ) ಅನ್ನು ಹೊರಡುವ 72 ಗಂಟೆ ಮೊದಲೇ ತುಂಬಿಡಿ.