ಅಜ್ಜಿಯ ಮುಖ ಯಾಕೆ ಬೇಕಿತ್ತು?

ಗುಂಪು: ಹತ್ತನೇ ಕ್ಲಾಸು 1994
ಶುಕ್ರವಾರ, ಫೆಬ್ರವರಿ 27

ಅಂತೋಣಿ, ಸಂಜೆ 6:42
[ಫೋಟೊ]
ನಮ್ಮ ಸ್ಕೂಲ್ ಮಕ್ಕಳ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತ) ಸೇವೆ. ಅದು ಶುರುವಾಗೋ ಬೂದಿ ಬುಧವಾರ ಆಗಿ ಇನ್ನೂ ಹತ್ತು ದಿನ ಆಗಿಲ್ಲ, ಅಷ್ಟರಲ್ಲೇ ಇಷ್ಟು ಅಕ್ಕಿ, ಬೇಳೆ, ಸೋಪು ಕೂಡಿಸಿ ವೃದ್ಧಾಶ್ರಮಕ್ಕೆ ಕೊಟ್ಟು ಬಂದಿದ್ದಾರೆ. ಎಲ್ಲರೂ ಸ್ಟೇಟಸ್ ಹಾಕ್ಕೊಳ್ಳಿ 🙏

ಕುಮಾರ, 6:45
ಸೂಪರ್ ಮಗಾ

ಮಂಜುಳಾ, 6:51
ಮಕ್ಕಳು ಎಷ್ಟು ಮುದ್ದಾಗಿವೆ. ಯೂನಿಫಾರ್ಮ್ ಬಣ್ಣ ಮಾತ್ರ ಬದಲಾಗಿಲ್ಲ ನೋಡು.

ರೀಟಾ, 7:58
ಅಂತೋಣಿ, ಬೇಜಾರು ಮಾಡ್ಕೋಬೇಡ. ಈಗ ತಾನೇ ಚರ್ಚಲ್ಲಿ ಶಿಲುಬೆ ಹಾದಿ (ಯೇಸು ಶಿಲುಬೆ ಹೊತ್ತು ನಡೆದದ್ದನ್ನ ನೆನೆಯೋ ಪ್ರಾರ್ಥನೆ) ಮುಗಿಸಿ ಬಂದು ಫೋಟೊ ನೋಡಿದೆ. ಸ್ವಲ್ಪ ದೊಡ್ಡದು ಮಾಡಿ ನೋಡು. ಎಡಗಡೆ ಗಾಲಿಕುರ್ಚಿಯಲ್ಲಿರೋ ಅಜ್ಜಿ ಸೆರಗನ್ನ ಮುಖದ ಮೇಲೆ ಎಳ್ಕೊಳ್ತಿದ್ದಾರೆ. ತೊಡೆ ಮೇಲೆ ಅಕ್ಕಿ ಚೀಲ ಇಟ್ಟಿದ್ದಾರೆ. ಮೂರು ಮಕ್ಕಳೂ ಕ್ಯಾಮೆರಾ ಕಡೆ ನೋಡ್ತಿವೆ, ಅಜ್ಜಿ ಕಡೆ ಒಂದೂ ನೋಡ್ತಿಲ್ಲ. ಹಿಂದೆ ಬ್ಯಾನರ್, "8ನೇ ಬಿ ಪ್ರಥಮ" ಅಂತ. ಮಕ್ಕಳದ್ದು ತಪ್ಪು ಅಂತ ನಾನು ಹೇಳಲ್ಲ, ಅವರನ್ನ ಹಾಗೆ ನಿಲ್ಲಿಸಿದ್ದು ದೊಡ್ಡೋರು.
ಬೂದಿ ಬುಧವಾರ ಓದೋ ಶುಭಸಂದೇಶ ಬೈಬಲ್‌ನ ಮತ್ತಾಯ 6ನೇ ಅಧ್ಯಾಯ. ದಾನ, ಪ್ರಾರ್ಥನೆ, ಉಪವಾಸ, ಮೂರನ್ನೂ ಗುಟ್ಟಾಗಿ ಮಾಡಿ ಅನ್ನುತ್ತೆ. ಬಲಗೈ ಕೊಟ್ಟಿದ್ದು ಎಡಗೈಗೂ ಗೊತ್ತಾಗಬಾರದು. ಅದನ್ನ ಕೇಳಿ ಹಣೆಗೆ ಬೂದಿ ಹಚ್ಚಿಸಿಕೊಂಡ ಮಕ್ಕಳಿಗೆ ಹತ್ತೇ ದಿನದಲ್ಲಿ ನಾವು ಬ್ಯಾನರ್ ಹಿಡಿಸಿದ್ವಿ.

ಅಂತೋಣಿ, 8:06
ನೀನು ಮತ್ತಾಯ 6 ಓದ್ತೀಯ, ನಾನು ಹಿಂದಿನ ಅಧ್ಯಾಯ ಓದ್ತೀನಿ. 5:16. ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ, ನಿಮ್ಮ ಒಳ್ಳೇ ಕೆಲಸ ಕಂಡು ತಂದೆಯನ್ನ ಕೊಂಡಾಡಲಿ ಅಂತ ಇದೆ. ಎರಡನ್ನೂ ಹೇಳಿದ್ದು ಅದೇ ಯೇಸುಸ್ವಾಮಿ. ಈ ಫೋಟೊ ನೋಡಿ ಆಗಲೇ ಇಬ್ಬರು ನನಗೆ ಫೋನ್ ಮಾಡಿ ದುಡ್ಡು ಕಳಿಸ್ತೀವಿ ಅಂದ್ರು. ಆ ದುಡ್ಡಲ್ಲಿ ಅದೇ ಅಜ್ಜಿಗೆ ಡಯಾಪರ್ ಬರುತ್ತೆ ರೀಟಾ. ಬೇಡ ಅಂತೀಯಾ?

ರೀಟಾ, 8:09
ಡಯಾಪರ್ ಬೇಕು ಕಣೋ. ಅದಕ್ಕೆ ಅವರ ಮುಖ ಯಾಕೆ ಬೇಕಿತ್ತು?

ಕುಮಾರ, 8:10
ಒಂದು ಡೌಟು. ಮಕ್ಕಳನ್ನ ನಲವತ್ತು ದಿನ ಉಪವಾಸ ಕೂರಿಸ್ತಾರಾ?

ಶೀಲಾ, 8:21
ಇಲ್ಲ ಕುಮಾರ. ಅಲ್ಲೇ ಪಾಠ ಮಾಡೋಳು ನಾನು, ಹೇಳ್ತೀನಿ ಕೇಳು. ಉಪವಾಸದ ಕಟ್ಟಳೆ ಇರೋದು 18 ತುಂಬಿದವರಿಗೆ, 59ರವರೆಗೆ. ಅದೂ ಬೂದಿ ಬುಧವಾರ ಮತ್ತೆ ಶುಭ ಶುಕ್ರವಾರ (ಗುಡ್ ಫ್ರೈಡೇ), ಎರಡೇ ದಿನ. ಒಂದು ಹೊತ್ತು ಹೊಟ್ಟೆ ತುಂಬ, ಇನ್ನೆರಡು ಹೊತ್ತು ಸ್ವಲ್ಪ. ಮಾಂಸ ಬಿಡೋದು 14 ತುಂಬಿದವರು. ತಪಸ್ಸುಕಾಲ ಅಂದ್ರೆ ಭಾನುವಾರಗಳನ್ನ ಬಿಟ್ಟು ಎಣಿಸಿದರೆ ನಲವತ್ತು ದಿನ.
ಮಕ್ಕಳಿಗೆ ನಾವು ಹೇಳೋದು ಇಷ್ಟೇ: ನಿಮಗೆ ಇಷ್ಟ ಆಗಿದ್ದು ಒಂದು ಬಿಡಿ, ಅದರ ದುಡ್ಡನ್ನ ದಾನದ ಡಬ್ಬಕ್ಕೆ ಹಾಕಿ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ದಿನಾ ಕ್ಯಾಂಟೀನ್ ಪಫ್ ಬಿಟ್ಟು ಚಿಲ್ಲರೆ ತರ್ತಾನೆ. ಕರ್ಚೀಫಿನ ತುದಿಗೆ ಗಂಟು ಹಾಕ್ಕೊಂಡು ಬರ್ತಾನೆ. ಡೆಸ್ಕ್ ಮೇಲೆ ಬಿಚ್ಚಿ, ಎಣಿಸಿ, ಆಮೇಲೆ ಹಾಕ್ತಾನೆ.
ಆದರೆ ಯಾವ ಸೆಕ್ಷನ್ ಎಷ್ಟು ಕೂಡಿಸಿತು ಅಂತ ಬೋರ್ಡಲ್ಲಿ ಬರೆಯೋಕೆ ಶುರು ಮಾಡಿದ ಮೇಲೆ ಅವನ ಗಂಟಿಗೆ ಬೆಲೆ ಇಲ್ಲ. ಪಕ್ಕದ ಹುಡುಗ ಅಪ್ಪನ ಹತ್ರ 500ರ ನೋಟು ತಂದ. ಏನೂ ಬಿಟ್ಟಿಲ್ಲ ಅವನು. ಚಪ್ಪಾಳೆ ಬಿದ್ದಿದ್ದು ಅವನಿಗೆ. ಸ್ಟಾಫ್ ರೂಮಲ್ಲಿ ನಾನು ಬಾಯಿ ಬಿಟ್ಟು ಹೇಳಲಿಲ್ಲ. ಅದು ನನ್ನ ತಪ್ಪು.

ರೀಟಾ, 8:24
ಅದೇ ಶೀಲಾ. ನಾವು ತಿನ್ನದೆ ಬಿಟ್ಟಿದ್ದು ಇನ್ನೊಬ್ಬರ ತಟ್ಟೆಗೆ ಹೋಗಬೇಕು. ಉಪವಾಸಕ್ಕೂ ದಾನಕ್ಕೂ ಇರೋ ನಂಟೇ ಅದು. ನಮ್ಮ ಕಾಲದಲ್ಲಿ ಹೀಗೆ ಪೈಪೋಟಿ ಇರಲಿಲ್ಲ.

ಮಂಜುಳಾ, 8:37
ಇತ್ತು ರೀಟಾ. ನಿನಗೆ ಮರೆತಿದೆ. ಏಳನೇ ಕ್ಲಾಸಲ್ಲಿ ನಮ್ಮ ಸೆಕ್ಷನ್ ಹಿಂದೆ ಬಿದ್ದಿದೆ ಅಂತ ಬೋರ್ಡಲ್ಲಿ ಬರೆದಿದ್ರು. ಹಾಲಿನವನಿಗೆ ಕೊಡೋಕೆ ಅಂತ ಅಮ್ಮ ದೇವರಮನೆಯಲ್ಲಿ ಅರಿಶಿನದ ಬಟ್ಟಲ ಕೆಳಗೆ 20 ರೂಪಾಯಿ ಇಟ್ಟಿದ್ರು. ಅದನ್ನ ತಗೊಂಡು ಹೋಗಿ ಡಬ್ಬಕ್ಕೆ ಹಾಕ್ದೆ. ಕ್ಲಾಸೆಲ್ಲ ಚಪ್ಪಾಳೆ ತಟ್ಟಿದ್ರು. ಮಾರನೇ ದಿನ ಅಮ್ಮ ಬಾಗಿಲಲ್ಲಿ ನಿಂತು "ಸೋಮವಾರ ಕೊಡ್ತೀನಪ್ಪಾ" ಅಂತ ಹಾಲಿನವನ ಹತ್ರ ಹೇಳಿದ್ದು ಇನ್ನೂ ಕಿವೀಲಿದೆ. ಅಮ್ಮ ಹೋಗಿ ಆರು ವರ್ಷ ಆಯ್ತು. ಅವರಿಗೆ ನಾನು ಹೇಳಲೇ ಇಲ್ಲ.

ರೀಟಾ, 8:41
ಮಂಜು, ಗೊತ್ತಿರಲಿಲ್ಲ ಕಣೇ. ನಮ್ಮ ಕಾಲದಲ್ಲಿ ಇರಲಿಲ್ಲ ಅಂದಿದ್ದು ವಾಪಸ್ ತಗೊಂಡೆ.

ಫಯಾಜ್, 9:02
ರಾತ್ರಿಯ ತರಾವೀಹ್ ನಮಾಜ್ ಮುಗಿಸಿ ಬಂದು ಓದಿದೆ. ಈ ಸಲ ನಿಮ್ಮ ತಪಸ್ಸುಕಾಲ, ನಮ್ಮ ರಂಜಾನ್ ಒಂದೇ ವಾರ ಶುರು ಆಯ್ತಲ್ಲ, ಅದಕ್ಕೇ ಒಂದು ಮಾತು. ಕುರ್‌ಆನ್ 2:271ರಲ್ಲಿ ಎದುರಿಗೇ ದಾನ ಕೊಟ್ಟರೂ ಒಳ್ಳೇದು, ಬಡವರಿಗೆ ಗುಟ್ಟಾಗಿ ಕೊಟ್ಟರೆ ಇನ್ನೂ ಒಳ್ಳೇದು ಅಂತಿದೆ. ಅಂತೋಣಿ ಹೇಳಿದ್ದೂ ತಪ್ಪಲ್ಲ, ರೀಟಾ ಹೇಳಿದ್ದು ಇನ್ನೂ ಸರಿ. ನಾವು ಜಕಾತ್, ಅಂದ್ರೆ ಕಡ್ಡಾಯ ದಾನ, ಉಳಿತಾಯದಲ್ಲಿ ಎರಡೂವರೆ ಪರ್ಸೆಂಟ್ ಲೆಕ್ಕ ಹಾಕಿ ಕೊಡ್ತೀವಿ. ಲೆಕ್ಕ ಪಕ್ಕಾ ಇರಬೇಕು. ಆದರೆ ತಗೊಳ್ಳೋರಿಗೆ ಇದು ಜಕಾತ್ ಅಂತ ಹೇಳಲೇಬೇಕು ಅಂತಿಲ್ಲ. ನಮ್ಮಬ್ಬಾ ಲಕೋಟೆಯನ್ನ ಬಾಗಿಲ ಕೆಳಗೆ ತೂರಿಸಿ ಬರ್ತಿದ್ರು.

ಅಂತೋಣಿ, 9:10
ಲೆಕ್ಕ! ನಾನು ಹೇಳ್ತಿರೋದೂ ಅದೇ. ಹಿಂದೊಮ್ಮೆ ಇದೇ ಗುಂಪಲ್ಲಿ ದುಡ್ಡು ಎಲ್ಲಿ ಹೋಯ್ತು ಅಂತ ಕೇಳಿದ್ರಿ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ. ಆಮೇಲೇ ಫೋಟೊ ಹಾಕೋಕೆ ಶುರು ಮಾಡಿದ್ದು.

ರೀಟಾ, 9:26
ಕೇಳಿದವರಲ್ಲಿ ನಾನೂ ಒಬ್ಬಳು. ನಿನಗೆ ಅಷ್ಟು ನೋವಾಗಿತ್ತು ಅಂತ ತಿಳಿದಿರಲಿಲ್ಲ, ಕ್ಷಮಿಸು. ರಸೀದಿಯ ಫೋಟೊ ಹಾಕು, ಅಂಗಡಿ ಬಿಲ್ ಹಾಕು, ಅಕ್ಕಿ ಮೂಟೆ ಹಾಕು, ಎಲ್ಲಾ ನೋಡ್ತೀವಿ.
ಒಂಬತ್ತನೇ ಕ್ಲಾಸಲ್ಲಿ ಮಾಗಡಿ ರಸ್ತೆಯ ಸುಮನಹಳ್ಳಿಗೆ ಹೋಗಿದ್ವಲ್ಲ, ಕುಷ್ಠರೋಗ ಬಂದವರ ಕೇಂದ್ರಕ್ಕೆ. ಸಿಸ್ಟರ್ ನಮ್ಮ ಕೈಲಿದ್ದ ಅಕ್ಕಿಯನ್ನ ಅಡುಗೆಮನೆಯಲ್ಲೇ ಇಳಿಸಿ, ಮೊರ ಕೊಟ್ಟು ಕೂರಿಸಿದ್ರು. ನನ್ನ ಪಕ್ಕ ಕೂತ ತಾತನಿಗೆ ಬೆರಳು ಅರ್ಧ ಅರ್ಧ ಇದ್ವು. ಆ ಬೆರಳಲ್ಲೇ ಕಲ್ಲು ಆರಿಸಿದ್ರು, ನನಗಿಂತ ಬೇಗ. "ಮಗಾ, ನಿನ್ನ ಮೊರದಲ್ಲಿ ಇನ್ನೂ ಎರಡಿದೆ" ಅಂದ್ರು. ನಾನು ಕೊಡೋಳು, ಅವರು ತಗೊಳ್ಳೋರು ಅನ್ನೋದು ಅಲ್ಲಿ ಗೊತ್ತೇ ಆಗಲಿಲ್ಲ. ಆ ದಿನದ ಒಂದು ಫೋಟೊನೂ ಇಲ್ಲ. ತಾತನ ಮುಖ ಮಾತ್ರ ಚೆನ್ನಾಗಿ ನೆನಪಿದೆ.
ಶಿಲುಬೆ ಹಾದಿಯ ಆರನೇ ಸ್ಥಳದಲ್ಲಿ ವೆರೋನಿಕ ಜನರ ಮಧ್ಯೆ ನುಗ್ಗಿ ಬಂದು ಯೇಸುವಿನ ಮುಖ ಒರೆಸ್ತಾಳೆ. ನಮ್ಮ ಮಕ್ಕಳೂ ಆ ಅಜ್ಜಿ ಮುಖವನ್ನ ಹಾಗೆ ಹತ್ತಿರದಿಂದ ನೋಡಲಿ ಅಂತ ನನ್ನಾಸೆ.

ಶೀಲಾ, 9:31
ಸೋಮವಾರ ಹೆಡ್‌ಮಿಸ್ ಹತ್ರ ಹೋಗ್ತೀನಿ. ಸೆಕ್ಷನ್ ಬೋರ್ಡ್ ಅಳಿಸಿ, ಇಡೀ ಸ್ಕೂಲಿಗೆ ಒಂದೇ ಡಬ್ಬ ಇಡೋಣ ಅಂತ ಕೇಳ್ತೀನಿ. ಏಪ್ರಿಲ್ 3ಕ್ಕೆ ಶುಭ ಶುಕ್ರವಾರ, ಇನ್ನೂ ಟೈಮಿದೆ.

ಮಂಜುಳಾ, 9:32
ಹೋಗು ಶೀಲಾ. ಬೇಕಿದ್ರೆ ನನ್ನ 20 ರೂಪಾಯಿ ಕಥೆ ಹೇಳು.

ಅಂತೋಣಿ, 9:40
[ಈ ಸಂದೇಶವನ್ನು ಅಳಿಸಲಾಗಿದೆ]

ಅಂತೋಣಿ, 9:44
6:42ರ ಫೋಟೊ ಅಳಿಸಿದೆ. ಸ್ಟೇಟಸ್ ಹಾಕಿದವರೂ ತೆಗೀರಿ. ಬಿಲ್‌ಗಳನ್ನ ನಾಳೆ ಹಾಕ್ತೀನಿ, ಒಂದೊಂದನ್ನೂ ನೋಡಬೇಕು ನೀವು. ಮುಂದಿನ ಶನಿವಾರ ಆಶ್ರಮಕ್ಕೆ ಹೋಗ್ತಿದ್ದೀನಿ. ಅಲ್ಲಿ ಮಧ್ಯಾಹ್ನ ಊಟ ಬಡಿಸೋಕೆ ಜನ ಸಾಲದು.

ರೀಟಾ, 9:45
ನಾನು ಬರ್ತೀನಿ.

ಫಯಾಜ್, 9:47
ನಾನೂ ಬಡಿಸ್ತೀನಿ. ಇಫ್ತಾರ್ ಒಳಗೆ ಮನೆ ಸೇರಿಸಿಬಿಡು ಅಂತೋಣಿ.