ಕಾಮಾಲೆಗೆ ನೆಲನೆಲ್ಲಿ: ಯಾವ ಗಿಡ, ಎಷ್ಟು ರಸ, ಯಾರಿಗೆ ಬೇಡ?

ಪೆರ್ಲದ ಕಡೆಯವ

ಮನೆಯ 17 ವರ್ಷದ ಹುಡುಗನಿಗೆ ಅರಶಿನ ಕಾಮಾಲೆ. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಎ (ಯಕೃತ್ತಿನ ವೈರಸ್ ಸೋಂಕು) ಎಂದು ಬಂದಿದೆ, ಮೈ ಹಳದಿ ಮಾಡುವ ಅಂಶವಾದ ಬಿಲಿರುಬಿನ್ 6.2. ಡಾಕ್ಟ್ರು ವಿಶ್ರಾಂತಿ ಹೇಳಿ ಕಳಿಸಿದ್ದಾರೆ, ಮಾತ್ರೆ ಹೆಚ್ಚೇನೂ ಕೊಟ್ಟಿಲ್ಲ. ಬಂದು ಹೋಗುವವರೆಲ್ಲ ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡಿ ಎನ್ನುತ್ತಾರೆ. ಮಳೆ ಶುರುವಾದ ಮೇಲೆ ಅಂಗಳದ ಕರೆಯಲ್ಲೂ ಅಡಿಕೆ ತೋಟದಲ್ಲೂ ಬೇಕಾದಷ್ಟು ಎದ್ದಿದೆ. ಆದರೆ ನೋಡಿದರೆ ಎರಡು ಮೂರು ಬಗೆ ಕಾಣುತ್ತದೆ. ಯಾವುದನ್ನು ಕೀಳಬೇಕು? ಅಳತೆ ಎಷ್ಟು? ಉಪ್ಪು, ಎಣ್ಣೆ ಪೂರ್ತಿ ಬಿಡಿಸಬೇಕೆಂದು ಕೆಲವರು ಹೇಳುತ್ತಾರೆ, ಅದು ಸರಿಯೇ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಗಿಡಗುರುತು

ಗುರುತಿನದಷ್ಟು ನಾನು ಹೇಳುತ್ತೇನೆ, ಅಳತೆಯನ್ನು ವೈದ್ಯ ಓದಿದವರು ಹೇಳಲಿ.

ಮದ್ದಿಗೆ ಬೇಕಾದದ್ದು ಫಿಲ್ಯಾಂಥಸ್ ಅಮಾರಸ್ ಎಂಬ ಜಾತಿಯ ನೆಲನೆಲ್ಲಿ. ಗಿಡ ಒಂದು ಗೇಣಿನಿಂದ ಒಂದೂವರೆ ಅಡಿ, ಕಾಂಡ ಹಸಿರು, ನುಣುಪು. ಒಂದು ಕಡ್ಡಿಯನ್ನು ಮುರಿದು ಅಂಗೈಯ ಮೇಲೆ ಮಗುಚಿ ಹಾಕಿ ನೋಡಿ. ಎಲೆಯ ಬುಡದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿಗಳು ಸಾಲಾಗಿ, ಸಣ್ಣ ತೊಟ್ಟಿನಲ್ಲಿ ಕೆಳಮುಖವಾಗಿ ತೂಗುತ್ತಿರುತ್ತವೆ. ಕಾಯಿಯ ಮೈ ನಯ. ಮಲಯಾಳದಲ್ಲಿ ಇದನ್ನು ಕೀಳಾರ್‌ನೆಲ್ಲಿ ಎನ್ನುವುದು ಕಾಯಿ ಎಲೆಯ ಕೆಳಗಿರುವುದಕ್ಕೇ. ಎಲೆ ಜಗಿದರೆ ನಾಲಗೆಯಲ್ಲಿ ಕಹಿ ನಿಲ್ಲುತ್ತದೆ. ಭೂತಗನ್ನಡಿ ಇದ್ದರೆ ಹೂ ನೋಡಿ, ದಳದಂಥ ಎಸಳು ಐದು.

ಇದರ ಜತೆಯಲ್ಲೇ ಏಳುವ ಇನ್ನೊಂದು ಫಿಲ್ಯಾಂಥಸ್ ಯೂರಿನೇರಿಯಾ. ಕಾಂಡಕ್ಕೆ ಕೆಂಪು ಛಾಯೆ ಇರುತ್ತದೆ, ಕಾಯಿಗೆ ತೊಟ್ಟೇ ಇಲ್ಲವೆನ್ನುವಷ್ಟು ಕಡ್ಡಿಗೆ ಅಂಟಿಕೊಂಡಿರುತ್ತದೆ, ಕಾಯಿಯ ಮೈ ತರಿತರಿ. ಇದು ವಿಷವಲ್ಲ, ಆದರೆ ಯಕೃತ್ತಿನ ಮದ್ದೆಂದು ಹೆಸರು ಮಾಡಿದ ಫಿಲ್ಯಾಂಥಿನ್, ಹೈಪೊಫಿಲ್ಯಾಂಥಿನ್ ಎಂಬ ಸಾರಗಳು ಹೆಚ್ಚಾಗಿ ಇರುವುದು ಅಮಾರಸ್‌ನಲ್ಲಿ. ಎಸಳು ಆರು ಇರುವ, ಎಲೆಯ ಎರಡು ತುದಿಯೂ ಚೂಪಾಗಿರುವ ಡೆಬಿಲಿಸ್ ಎಂಬುದೂ ನಮ್ಮ ಕಡೆ ಸಿಗುತ್ತದೆ. ಒಣಗಿಸಿ ಕಟ್ಟು ಕಟ್ಟಿದ ಮೇಲೆ ಮೂರನ್ನೂ ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಅಂಗಡಿಯ ಒಣ ಕಟ್ಟಿನಲ್ಲಿ ಬೆರಕೆ ಬರುವುದು ಹೀಗೆ. ಆದ್ದರಿಂದ ಕಾಯಿ ಬಿಟ್ಟ ಹಸಿ ಗಿಡವನ್ನೇ ನೋಡಿ ಕೀಳಿ. ಕಾಯಿ ಬರುವ ಮುಂಚಿನ ಎಳೆ ಗಿಡ ಬೇಡ, ಎಳೆಯದರಲ್ಲಿ ನಾಚಿಕೆಮುಳ್ಳಿನ ಸಸಿಯೂ ಸೇರಿಹೋಗುತ್ತದೆ.

ಎಲ್ಲಿಂದ ಕೀಳುತ್ತೀರಿ ಎನ್ನುವುದು ಗುರುತಿನಷ್ಟೇ ಮುಖ್ಯ. ಅಡಿಕೆ ತೋಟದ್ದು ಮಳೆಗಾಲದಲ್ಲಿ ಬೇಡವೇ ಬೇಡ. ಕೊಳೆರೋಗಕ್ಕೆ ಮಳೆಗೆ ಮೊದಲೊಮ್ಮೆ, ಮತ್ತೆ 40–45 ದಿನಕ್ಕೊಮ್ಮೆ ಮದ್ದು ಬಿಡುತ್ತೇವಲ್ಲ, ಶೇ. 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಗೆ ಬಿಟ್ಟದ್ದರಲ್ಲಿ ಎಷ್ಟೋ ಪಾಲು ಕೆಳಗೆ ತೊಟ್ಟಿಕ್ಕುತ್ತದೆ, ಆ ನೆಲದಲ್ಲೇ ನೆಲನೆಲ್ಲಿ ನಿಂತಿರುತ್ತದೆ. ಎಲೆಯ ಮೇಲೆ ನೀಲಿ ಬಿಳಿ ಕಲೆ ಕಂಡರೆ ಅದು ತಾಮ್ರ. ಸುಣ್ಣ ಸೇರಿದ್ದರಿಂದ ಅಂಟಿಕೊಳ್ಳುವುದೇ ಅದರ ಗುಣ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಯಕೃತ್ತು ಸೋತವನಿಗೆ ತಾಮ್ರ ಕುಡಿಸುವುದು ಯಾವ ನ್ಯಾಯ? ಕಳೆನಾಶಕ ಹೊಡೆದ ದಾರಿಬದಿಯದ್ದೂ ಅಷ್ಟೆ. ಗುಡ್ಡೆಯಿಂದ ಸ್ವಚ್ಛ ನೀರು ಇಳಿಯುವ ಕಡೆಯದ್ದು, ಅಥವಾ ಚಟ್ಟಿಯಲ್ಲಿ ನೀವೇ ಬೆಳೆಸಿದ್ದು ಒಳ್ಳೆಯದು. ಬಲಿತ ಗಿಡವನ್ನು ಒಂದು ಕಾಗದದ ಮೇಲೆ ಒಣಗಲು ಬಿಟ್ಟರೆ ಕಾಯಿ ಸಿಡಿದು ಬೀಜ ಸಿಗುತ್ತದೆ, ಮಣ್ಣಿನ ಮೇಲೆ ಉದುರಿಸಿದರೆ ಸಾಕು.

ಕುಂಬಳೆ ಆಯುರ್ವೇದ

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಈಗ ಅಳತೆ.

ಆಯುರ್ವೇದದಲ್ಲಿ ಇದು ಭೂಮ್ಯಾಮಲಕಿ, ತಾಮಲಕಿ. ಸ್ವರಸ, ಎಂದರೆ ಹಸಿ ಗಿಡ ಹಿಂಡಿದ ರಸವಾದರೆ ದಿನಕ್ಕೆ 10ರಿಂದ 20 ಮಿ.ಲೀ., ಪುಡಿಯಾದರೆ 3ರಿಂದ 6 ಗ್ರಾಂ. ಇದು ಬೆಳೆದವರ ಅಳತೆ. ಮಕ್ಕಳಿಗೆ ಊಹೆಯ ಮೇಲೆ ಅರ್ಧ ಕಾಲು ಮಾಡಿ ಕೊಡಬೇಡಿ.

ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ಮೂರು ನಾಲ್ಕು ಸಲ ನೀರು ಬದಲಿಸಿ ತೊಳೆಯಿರಿ. ಕೊನೆಯ ತೊಳೆತ ಕುದಿಸಿ ಆರಿಸಿದ ನೀರಿನಲ್ಲೇ ಆಗಬೇಕು. ಹೆಪಟೈಟಿಸ್ ಎ ಬಂದದ್ದೇ ನೀರಿನಿಂದ ಇರಬಹುದು, ಅದೇ ಬಾವಿಯ ಅಥವಾ ಗುಡ್ಡ ಕೊರೆದ ಸುರಂಗದ ಹಸಿ ನೀರಿನಲ್ಲಿ ಅರೆದು ಮನೆಮಂದಿಗೆಲ್ಲ ‘ಬಾರದಿರಲಿ’ ಎಂದು ಹಂಚಿದರೆ ರೋಗವನ್ನೇ ಹಂಚಿದಂತೆ. ಇಲಿ ಓಡಾಡುವ ನೆಲದ ಸೊಪ್ಪು ಎನ್ನುವುದೂ ನೆನಪಿರಲಿ. ತೊಳೆದ ಗಿಡ ಒಂದು ಹಿಡಿ, ತೂಗಿದರೆ 20–25 ಗ್ರಾಂ. ಕಲ್ಲಿನಲ್ಲಿ ಎರಡು ಚಮಚ ಆರಿದ ನೀರು ಚಿಮುಕಿಸಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ. ಔಷಧದ ಬಾಟಲಿಯ ಮುಚ್ಚಳದಲ್ಲಿ ಗೆರೆ ಇರುತ್ತದೆ, ಅದರಲ್ಲೇ ಅಳೆಯಿರಿ. 15 ಮಿ.ಲೀ. ಸಾಕು, ಬೆಳಗ್ಗೆ ಒಮ್ಮೆ, ಕಾಯಿಸಿ ಆರಿಸಿದ ಹಾಲಿನಲ್ಲೋ ಮಜ್ಜಿಗೆಯಲ್ಲೋ. ಆಗಿಂದಾಗ ಹಿಂಡಿ ಆಗಿಂದಾಗ ಕುಡಿಯಬೇಕು, ಫ್ರಿಜ್ಜಿನಲ್ಲಿಟ್ಟು ನಾಳೆಗಲ್ಲ. ಒಂದರಿಂದ ಎರಡು ವಾರ ಕಳೆದ ಮೇಲೆ ಮುಂದುವರಿಸಲು ಕಾರಣವಿಲ್ಲ.

ಸಾಮಾನ್ಯವಾಗಿ ತಪ್ಪುವುದು ಇಲ್ಲಿ: ಕಟ್ಟುಗಟ್ಟಲೆ ಅರೆದು ಒಂದು ಲೋಟ ತುಂಬ ಕುಡಿಸುತ್ತಾರೆ. ಆಗ ಹೊಟ್ಟೆ ಉರಿ, ಭೇದಿ. ಮೊದಲೇ ವಾಂತಿಯಿಂದ ಬಳಲಿದವನಿಗೆ ನೀರಿನಂಶ ಇನ್ನೂ ಇಳಿಯುತ್ತದೆ. ಎರಡನೆಯದು, ‘ಕಾಮಾಲೆ ಪುಡಿ’ ಎಂದು ಹೆಸರು ಬರೆಯದ ಪೊಟ್ಟಣ. ಒಳಗೆ ಏನಿದೆ ಎಂದು ಹೇಳದವರ ಮದ್ದು ಬಾಯಿಗೆ ಹಾಕಬೇಡಿ. ಮೂಗಿಗೆ ಹಿಂಡುವ ಮದ್ದಂತೂ ಅಪಾಯ. ಮೂಗಿನಿಂದ ಹಳದಿ ನೀರು ಸುರಿಯುವುದು ಒಳಪೊರೆ ಸುಟ್ಟು ಸೋರುವ ದ್ರವ, ಕಾಮಾಲೆ ಇಳಿಯುವುದಲ್ಲ. ಯಕೃತ್ತು ಸೋತಾಗ ರಕ್ತ ಹೆಪ್ಪುಗಟ್ಟುವುದು ನಿಧಾನ, ಆ ಮೂಗಿನಿಂದ ರಕ್ತ ಹರಿದರೆ ನಿಲ್ಲಿಸುವುದು ಕಷ್ಟ.

ಬಸುರಿಯರಿಗೆ, ಮೊಲೆಯುಣಿಸುವವರಿಗೆ ಇದು ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇನ್ನೂ ಇಳಿಯಬಹುದು. ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದವರೂ ಡಾಕ್ಟ್ರಿಗೆ ಹೇಳದೆ ಕುಡಿಯಬಾರದು. ಆಪರೇಶನ್ ಗೊತ್ತಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ.

ಉಪ್ಪಳದ ಲ್ಯಾಬ್

ಒಂದು ಮಾತು ಬಿಚ್ಚಿ ಹೇಳಲೇಬೇಕು. ಹೆಪಟೈಟಿಸ್ ಎ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ, ಮದ್ದು ಕುಡಿದರೂ ಕುಡಿಯದಿದ್ದರೂ. ಆ ಹೊತ್ತಿಗೆ ಏನು ಕುಡಿದಿರುತ್ತಾರೋ ಅದಕ್ಕೆ ಹೆಸರು ಬರುತ್ತದೆ. ನೆಲನೆಲ್ಲಿಯ ಬಗ್ಗೆ ದೊಡ್ಡ ಸುದ್ದಿಯಾದದ್ದು 1988ರಲ್ಲಿ, ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರ ಅಧ್ಯಯನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ. ಅದು ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಹೊತ್ತುಕೊಂಡೇ ಇದ್ದವರ ಮೇಲೆ ಮಾಡಿದ್ದು: 200 ಮಿ.ಗ್ರಾಂ. ಪುಡಿ ದಿನಕ್ಕೆ ಮೂರು ಸಲ, 30 ದಿನ. ಮದ್ದು ಕುಡಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಹೋಯಿತು, ಬರೀ ಹುಸಿ ಮಾತ್ರೆ ಕುಡಿದ 23ರಲ್ಲಿ ಒಬ್ಬರಿಗೆ ಮಾತ್ರ. ಆದರೆ ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಮತ್ತೆ ಸಿಗಲಿಲ್ಲ. ಹೆಪಟೈಟಿಸ್ ಬಿ ಇದ್ದವರು ನೆಲನೆಲ್ಲಿ ನಂಬಿ ಮಾತ್ರೆ ಬಿಡಬಾರದು.

ಇನ್ನು ಕಾಮಾಲೆ ಎಂಬುದು ಒಂದು ಕಾಯಿಲೆಯಲ್ಲ, ಬಣ್ಣ. ನಮ್ಮ ಕಾಸರಗೋಡು ಜಿಲ್ಲೆಯ ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿಗೆ ಇಳಿದವರಿಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ಜತೆಗೆ ಹಳದಿ ಬಂದರೆ ಇಲಿ ಜ್ವರ ಇರಬಹುದು. ಅದಕ್ಕೆ ಆಂಟಿಬಯೋಟಿಕ್ ಬೇಗ ಬೀಳಬೇಕು, ತಡವಾದರೆ ಕಿಡ್ನಿ ಹೋಗಬಹುದು. ಜ್ವರವಿಲ್ಲದೆ ಮೈ ತುರಿಕೆ, ಮಲ ಸುಣ್ಣದ ಬಣ್ಣ, ಮೂತ್ರ ಕಪ್ಪು ಚಹಾದಂತೆ ಇದ್ದರೆ ಪಿತ್ತನಾಳ ಕಟ್ಟಿರಬಹುದು. ಕಲ್ಲೋ ಗೆಡ್ಡೆಯೋ ಎಂದು ಸ್ಕ್ಯಾನ್ ಹೇಳಬೇಕು, ಸೊಪ್ಪು ಆ ಕಟ್ಟನ್ನು ಬಿಡಿಸಲಾರದು. ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಜೀವಕ್ಕೇ ಅಪಾಯ.

ನಿಮ್ಮ ಹುಡುಗನ ರಿಪೋರ್ಟಿನಲ್ಲಿ ಬಿಲಿರುಬಿನ್ ಒಂದನ್ನೇ ನೋಡುತ್ತಾ ಕೂರಬೇಡಿ. ಯಕೃತ್ತಿನ ಉರಿಯೂತ ತೋರಿಸುವ ಎಸ್‌ಜಿಪಿಟಿ ಸಾವಿರ ದಾಟಿದ್ದರೂ ಹೆದರಬೇಕಿಲ್ಲ, ಇಳಿಯುತ್ತದೆ. ನೋಡಬೇಕಾದದ್ದು ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಪಿ.ಟಿ. ಐ.ಎನ್.ಆರ್. ಅದು 1.5 ಮುಟ್ಟಿದರೆ, ಅಥವಾ ಹುಡುಗ ಹಗಲು ನಿದ್ದೆ ರಾತ್ರಿ ಎಚ್ಚರ ಆದರೆ, ಅಸಂಬದ್ಧ ಮಾತಾಡಿದರೆ, ಒಸಡಿನಿಂದ ರಕ್ತ ಬಂದರೆ, ಕುಡಿದದ್ದೆಲ್ಲ ವಾಂತಿಯಾದರೆ, ಅದೇ ದಿನ ಆಸ್ಪತ್ರೆಗೆ. ಮನೆಯಲ್ಲಿ ಹೆಪಟೈಟಿಸ್ ಎ ಆಗದ, ಲಸಿಕೆ ಹಾಕಿಸಿಕೊಳ್ಳದ ಮಕ್ಕಳಿದ್ದರೆ ರೋಗಿಯ ಸಂಪರ್ಕವಾದ ಎರಡು ವಾರದೊಳಗೆ ಲಸಿಕೆ ಕೇಳಿ.

ಉಪ್ಪು, ಎಣ್ಣೆ ಬಿಡಿಸುವುದು ತಪ್ಪು. ಹೊಟ್ಟೆಗೆ ಬೇಕಾದಷ್ಟು ಅನ್ನ ಬೀಳಬೇಕು. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ಕೊಡಿ, ಒಂದು ಚಮಚ ತೆಂಗಿನೆಣ್ಣೆಯ ಒಗ್ಗರಣೆ ಏನೂ ಮಾಡದು. ಎಣ್ಣೆ ಕಂಡರೆ ಓಕರಿಕೆ ಬರುವಷ್ಟು ದಿನ ಕಡಿಮೆ ಮಾಡಿ, ಅಷ್ಟೆ.

ಪೆರ್ಲದ ಕಡೆಯವ

ತುಂಬಾ ಉಪಕಾರವಾಯಿತು. ಅಂಗಳದ ಕರೆಯದ್ದನ್ನು ಮಗುಚಿ ನೋಡಿದೆ, ಕಾಂಡ ಕೆಂಪು, ಕಾಯಿ ಅಂಟಿಕೊಂಡಿದೆ. ತೋಟದ್ದರಲ್ಲಿ ಕಾಯಿ ತೂಗುತ್ತದೆ, ಆದರೆ ಬೋರ್ಡೋ ಸಿಂಪಡಿಸಿ ಹತ್ತು ದಿನವಷ್ಟೆ. ಎರಡೂ ಬೇಡವೆಂದಾಯಿತು. ಇನ್ನೊಂದು: ಮನೆಯಲ್ಲಿ ಅಜ್ಜ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಹುಡುಗನ ಜತೆ ತಾನೂ ಒಂದು ಲೋಟ ಕುಡಿಯುತ್ತೇನೆ ಎಂದು ಹಟ. ಹುಡುಗನಿಗೆ ತಲೆನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದೇ?

ಕುಂಬಳೆ ಆಯುರ್ವೇದ

ಅಜ್ಜನಿಗೆ ಬೇಡ ಎಂದು ಗಟ್ಟಿಯಾಗಿ ಹೇಳಿ. ಗ್ಲಿಮೆಪಿರೈಡ್ ಒಂದೇ ಸಾಕು ಸಕ್ಕರೆ ಕುಸಿಯಲು, ವಯಸ್ಸಾದವರಲ್ಲಿ ಅದು ಬೆವರು, ನಡುಕ, ತಲೆ ತಿರುಗಿ ಬೀಳುವುದಾಗಿ ಕಾಣುತ್ತದೆ. ಈಗಾಗಲೇ ಕುಡಿದಿದ್ದರೆ ಇವತ್ತು ಊಟ ತಪ್ಪಿಸಬಾರದು, ಗ್ಲುಕೋಮೀಟರಿನಲ್ಲಿ ಎರಡು ಮೂರು ಸಲ ನೋಡಿ, 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ.

ಉಪ್ಪಳದ ಲ್ಯಾಬ್

ಪ್ಯಾರಾಸಿಟಮಾಲ್ ನಿಮ್ಮಷ್ಟಕ್ಕೆ ಕೊಡಬೇಡಿ, ಡಾಕ್ಟ್ರು ಬರೆದಷ್ಟೇ. ಯಕೃತ್ತು ಉರಿಯುತ್ತಿರುವಾಗ ಅದರ ಮಿತಿ ಕಡಿಮೆ ಇರುತ್ತದೆ, ಶೀತದ ಮಾತ್ರೆಗಳಲ್ಲೂ ಅದೇ ಅಡಗಿರುತ್ತದೆ, ಚೀಟಿ ಓದಿ. ಹಣೆಗೆ ಒದ್ದೆ ಬಟ್ಟೆ, ಎಳನೀರು, ಕತ್ತಲೆ ಕೋಣೆಯಲ್ಲಿ ಮಲಗುವುದು, ಅಷ್ಟರಲ್ಲಿ ತಲೆನೋವು ಇಳಿಯದಿದ್ದರೆ ಫೋನಿನಲ್ಲಿ ಕೇಳಿ. ಹುಡುಗನಿಗೆ ಹಳದಿ ಕಂಡ ದಿನದಿಂದ ಒಂದು ವಾರ ಪ್ರತ್ಯೇಕ ಲೋಟ, ತಟ್ಟೆ, ಶೌಚದ ನಂತರ ಸಾಬೂನು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಹಾಕಿದ ಮೇಲೂ ಕುಡಿಯುವ ನೀರು ಕುದಿ ಬಂದ ನಂತರ ಒಂದೆರಡು ನಿಮಿಷ ಒಲೆಯ ಮೇಲೇ ಇರಲಿ.